ವಿಪ್ ಇಲ್ಲದ ಚುನಾವಣೆಗೆ ಪಕ್ಷಗಳು ತಯಾರಾಗುವುದು ಹೇಗೆ?

ಓದುಗರ ಪ್ರಶ್ನೆ: 2027ರಲ್ಲಿ ರಾಷ್ಟ್ರಪತಿ ಚುನಾವಣೆ ಇದೆ. ಜನ ಮತ ಹಾಕುವುದಿಲ್ಲ, ಚುನಾಯಿತ ಸಂಸದರು, ಶಾಸಕರು ಹಾಕುತ್ತಾರೆ; ಅವರಿಗೆ ಪಕ್ಷಗಳು ವಿಪ್ (ಇಂಥವರಿಗೇ ಮತ ಹಾಕಿ ಎಂಬ ಕಡ್ಡಾಯ ಆದೇಶ) ಕೊಡುವಂತಿಲ್ಲ ಎನ್ನುತ್ತಾರೆ. ಹಾಗಿದ್ದ ಮೇಲೆ ಪಕ್ಷಗಳು, ಅಭ್ಯರ್ಥಿಗಳು ಮಾಡಿಕೊಳ್ಳುವ ತಯಾರಿಯಾದರೂ ಏನು? ನಮ್ಮ ಶಾಸಕರ ಒಂದು ಮತಕ್ಕೆ ಬೆಲೆ ಎಷ್ಟು? ನನ್ನಂಥ ಸಾಮಾನ್ಯನೂ ನಾಮಪತ್ರ ಹಾಕಬಹುದೇ?

ಉತ್ತರ: ಈ ಚುನಾವಣೆಯ ತಯಾರಿಯಲ್ಲಿ ಮುಕ್ಕಾಲು ಪಾಲು ಲೆಕ್ಕ, ಉಳಿದ ಕಾಲು ಪಾಲು ಕಾಗದಪತ್ರ. ಭಾಷಣ, ಮೆರವಣಿಗೆಗಳಿಗೆ ಇಲ್ಲಿ ಕೆಲಸವಿಲ್ಲ. ಅಭ್ಯರ್ಥಿ ಯಾರೆಂದು ಟಿವಿಯವರು ಚರ್ಚೆಗೆ ಕೂರುವ ಹೊತ್ತಿಗೆ ಪಕ್ಷದ ಕಚೇರಿಯಲ್ಲಿ ರಾಜ್ಯವಾರು ಮತಮೌಲ್ಯದ ಪಟ್ಟಿ ಹತ್ತು ಸಲ ತಿದ್ದಿ ಮುಗಿದಿರುತ್ತದೆ. ಆ ಪಟ್ಟಿಯಲ್ಲಿ ಎಷ್ಟು ಕೊರತೆ ಬೀಳುತ್ತದೆ, ಅದನ್ನು ಯಾರಿಂದ ತುಂಬಿಸಿಕೊಳ್ಳಬಹುದು ಎಂಬುದರ ಮೇಲೆಯೇ ಹೆಸರು ಹುಟ್ಟುವುದು.

ಮೊದಲು ದಿನಾಂಕ ನೋಡೋಣ. ದ್ರೌಪದಿ ಮುರ್ಮು ಪ್ರಮಾಣವಚನ ಸ್ವೀಕರಿಸಿದ್ದು 2022ರ ಜುಲೈ 25ರಂದು. ಅವರ ಐದು ವರ್ಷದ ಅವಧಿ 2027ರ ಜುಲೈ 24ಕ್ಕೆ ಮುಗಿಯುತ್ತದೆ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎಂಬುದು ಸಂವಿಧಾನದ 62ನೇ ವಿಧಿ. ಅಧಿಸೂಚನೆಯನ್ನು ಕೊನೆಯ ಅರವತ್ತು ದಿನಗಳೊಳಗೆ ಹೊರಡಿಸಬೇಕು, ಅಂದರೆ ಮೇ ಕೊನೆಯ ವಾರದಿಂದ ಈಚೆಗೆ ಯಾವಾಗ ಬೇಕಾದರೂ ಬರಬಹುದು. ಅಲ್ಲಿಂದ ಹದಿನಾಲ್ಕನೆಯ ದಿನ ನಾಮಪತ್ರಕ್ಕೆ ಕೊನೆ, ಮರುದಿನ ಪರಿಶೀಲನೆ, ಆಮೇಲೆ ಎರಡನೆಯ ದಿನ ವಾಪಸಾತಿಗೆ ಕೊನೆ, ಅದಾಗಿ ಕನಿಷ್ಠ ಹದಿನೈದನೆಯ ದಿನದವರೆಗೆ ಕಾದು ಮತದಾನ. 2022ರಲ್ಲಿ ಇದು ಜೂನ್ 15ರ ಅಧಿಸೂಚನೆ, 29ಕ್ಕೆ ನಾಮಪತ್ರ ಮುಕ್ತಾಯ, 30ಕ್ಕೆ ಪರಿಶೀಲನೆ, ಜುಲೈ 2ಕ್ಕೆ ವಾಪಸಾತಿ, 18ಕ್ಕೆ ಮತದಾನ, 21ಕ್ಕೆ ಎಣಿಕೆ ಎಂದು ನಡೆಯಿತು.

ಈಗ ನಿಮ್ಮ ಶಾಸಕರ ಮತದ ಬೆಲೆ. ಲೆಕ್ಕ ಕಷ್ಟದ್ದೇನಲ್ಲ, ಒಂದು ಚೀಟಿಯ ಮೇಲೆ ಮಾಡಬಹುದು. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದದ್ದರಲ್ಲಿ ಎಷ್ಟು ಸಾವಿರ ಇವೆ ನೋಡಿ. ಉಳಿಕೆ ಐನೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಸೇರಿಸಿ. ಜನಸಂಖ್ಯೆ ಇಂದಿನದಲ್ಲ, 1971ರ ಜನಗಣತಿಯದ್ದು. ಆಗ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನು 224ರಿಂದ ಭಾಗಿಸಿದರೆ 1,30,799. ಅಂದರೆ 130 ಸಾವಿರ, ಮೇಲೆ 799. ಉಳಿಕೆ ಐನೂರು ದಾಟಿದ್ದರಿಂದ ಮತಮೌಲ್ಯ 131. ನಮ್ಮ 224 ಶಾಸಕರ ಒಟ್ಟು ಮೌಲ್ಯ 29,344. ಉತ್ತರ ಪ್ರದೇಶದ ಶಾಸಕರೊಬ್ಬರ ಮತ 208, ತಮಿಳುನಾಡಿನವರದು 176, ಕೇರಳದವರದು 152, ಸಿಕ್ಕಿಮ್‌ನವರದು 7. ಸಿಕ್ಕಿಮ್‌ನ ಮೂವತ್ತೆರಡೂ ಶಾಸಕರು ಒಟ್ಟಾದರೂ 224, ಅಂದರೆ ಕರ್ನಾಟಕದ ಇಬ್ಬರು ಶಾಸಕರಷ್ಟೂ ತೂಗುವುದಿಲ್ಲ.

ಎಲ್ಲ ರಾಜ್ಯಗಳ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ, ಅಂದರೆ ಲೋಕಸಭೆಯ 543, ರಾಜ್ಯಸಭೆಯ 233 ಸೇರಿ 776ರಿಂದ ಭಾಗಿಸಿದರೆ ಸಂಸದರೊಬ್ಬರ ಮತದ ಮೌಲ್ಯ ಸಿಗುತ್ತದೆ. 2022ರಲ್ಲಿ 5,43,231ನ್ನು 776ರಿಂದ ಭಾಗಿಸಿ 700 ಬಂತು. 2017ರಲ್ಲಿ ಅದು 708 ಇತ್ತು. ಎಂಟು ಇಳಿದದ್ದಕ್ಕೆ ಕಾರಣ, ನಡುವೆ ಜಮ್ಮು ಮತ್ತು ಕಾಶ್ಮೀರದ ವಿಧಾನಸಭೆಯೇ ಇಲ್ಲವಾಗಿತ್ತು. ಹಾಗಾಗಿ 700 ಎಂಬುದನ್ನು ಕಲ್ಲಿನ ಮೇಲೆ ಕೊರೆದ ಅಂಕಿ ಎಂದುಕೊಳ್ಳಬೇಡಿ, ಪ್ರತಿ ಚುನಾವಣೆಗೂ ಆಯೋಗ ಹೊಸದಾಗಿ ಪ್ರಕಟಿಸುತ್ತದೆ. 2022ರ ಲೆಕ್ಕದಲ್ಲಿ ಕರ್ನಾಟಕದ 28 ಲೋಕಸಭಾ ಸದಸ್ಯರು, 12 ರಾಜ್ಯಸಭಾ ಸದಸ್ಯರು ಸೇರಿ 28,000. ಶಾಸಕರದ್ದನ್ನೂ ಕೂಡಿಸಿದರೆ 57,344, ದೇಶದ ಒಟ್ಟು 10,86,431ರಲ್ಲಿ ನೂರಕ್ಕೆ ಐದು ಚಿಲ್ಲರೆ. ವಿಧಾನ ಪರಿಷತ್ತಿನವರಿಗೆ ಇಲ್ಲಿ ಮತವಿಲ್ಲ. ರಾಜ್ಯಸಭೆಯ ನಾಮಕರಣ ಸದಸ್ಯರಿಗೂ ಇಲ್ಲ. ಅವರಿಗೆ ಮತ ಇರುವುದು ಉಪರಾಷ್ಟ್ರಪತಿ ಚುನಾವಣೆಯಲ್ಲಿ. ಪತ್ರಿಕೆಗಳೂ ಆಗಾಗ ಎಡವುವ ಜಾಗ ಇದು.

ಇಷ್ಟು ಗೊತ್ತಿದ್ದರೆ ಪಕ್ಷಗಳು ಈಗ ಎಲ್ಲಿ ಕಣ್ಣಿಟ್ಟಿವೆ ಎಂಬುದು ತಾನೇ ತಿಳಿಯುತ್ತದೆ. ಉತ್ತರ ಪ್ರದೇಶ, ಪಂಜಾಬ್, ಉತ್ತರಾಖಂಡ, ಗೋವಾ, ಮಣಿಪುರ ಈ ಐದು ವಿಧಾನಸಭೆಗಳ ಅವಧಿ 2027ರ ಮೊದಲಾರ್ಧದಲ್ಲೇ, ರಾಷ್ಟ್ರಪತಿ ಚುನಾವಣೆಗೆ ಮುಂಚೆಯೇ ಮುಗಿಯುತ್ತದೆ. ಇವುಗಳ ಮೌಲ್ಯ ಕ್ರಮವಾಗಿ 83,824, 13,572, 4,480, 800, 1,080. ಒಟ್ಟು 1,03,756. ದೇಶದ ಮತಮೌಲ್ಯದ ಹತ್ತಿರ ಹತ್ತನೆಯ ಒಂದು ಭಾಗ ಮತದಾನಕ್ಕೆ ಕೆಲವೇ ತಿಂಗಳ ಮುಂಚೆ ಕೈ ಬದಲಿಸಬಹುದು ಎಂದಾಯಿತು. ಅದಕ್ಕೇ ಗಂಭೀರವಾಗಿ ಲೆಕ್ಕ ಹಾಕುವವರು ಆ ಫಲಿತಾಂಶ ಬರುವವರೆಗೆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೂ ಮೊದಲು ತೇಲಿ ಬರುವ ಹೆಸರುಗಳನ್ನು ಗಾಳಿಮಾತು ಎಂದೇ ತಿಳಿಯಿರಿ. ಬಹಳಷ್ಟನ್ನು ತೇಲಿಬಿಡುವುದೇ ಮುಳುಗಿಸುವುದಕ್ಕೆ.

1971ರ ಜನಸಂಖ್ಯೆಯ ವಿಚಾರದಲ್ಲೂ ಈ ಸಲ ಒಂದು ಗಂಟಿದೆ. 55ನೇ ವಿಧಿಯ ವಿವರಣೆಯ ಪ್ರಕಾರ 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಮಾತ್ರ 1971ರದ್ದು ನಡೆಯುತ್ತದೆ. ಮುಂದಿನ ಜನಗಣತಿಗೆ ಗೊತ್ತುಮಾಡಿರುವ ಆಧಾರ ದಿನ 2027ರ ಮಾರ್ಚ್ 1. ಅಂಕಿಗಳು ಚುನಾವಣೆಗಿಂತ ಮೊದಲು ಪ್ರಕಟವಾಗುತ್ತವೋ ಆಮೇಲೋ ಎಂಬುದರ ಮೇಲೆ ಇಡೀ ಕೋಷ್ಟಕ ನಿಂತಿದೆ. 1971ರ ನಂತರ ಉತ್ತರ ಪ್ರದೇಶ, ಬಿಹಾರಗಳ ಜನಸಂಖ್ಯೆ ಏರಿದ ವೇಗದಲ್ಲಿ ಕೇರಳ, ತಮಿಳುನಾಡುಗಳದ್ದು ಏರಿಲ್ಲ. ಹೊಸ ಅಂಕಿ ಬಂದ ದಿನ ದಕ್ಷಿಣದ ಶಾಸಕರ ಮತದ ತೂಕ ತುಲನೆಯಲ್ಲಿ ಇಳಿಯುತ್ತದೆ. ಪಕ್ಷಗಳ ಕಾನೂನು ವಿಭಾಗದವರು ಎರಡೂ ರೀತಿಯ ಪಟ್ಟಿ ಇಟ್ಟುಕೊಳ್ಳುವುದು ಜಾಣತನ.

ಇನ್ನು ಅಭ್ಯರ್ಥಿಯ ಆಯ್ಕೆ. ತಮ್ಮ ಮತ ತಮಗೇ ಸಾಕಾಗುವಂತಿದ್ದರೆ ಯಾರನ್ನಾದರೂ ನಿಲ್ಲಿಸಬಹುದು. ಸಾಕಾಗದಿದ್ದಾಗ ಎದುರಾಳಿ ಪಾಳಯದ ಯಾವ ಪಕ್ಷಕ್ಕೆ 'ಬೇಡ' ಎನ್ನಲು ನಾಲಿಗೆ ಏಳುವುದಿಲ್ಲವೋ ಅಂಥ ಹೆಸರು ಬೇಕು. ಹಿಂದಿನ ನಾಲ್ಕು ಚುನಾವಣೆಗಳಲ್ಲೂ ಇದೇ ಕಾಣುತ್ತದೆ. 2007ರಲ್ಲಿ ಪ್ರತಿಭಾ ಪಾಟೀಲ್ ಮಹಾರಾಷ್ಟ್ರದವರೆಂದು, ಎನ್‌ಡಿಎಯಲ್ಲಿದ್ದ ಶಿವಸೇನೆ ಅವರಿಗೆ ಮತ ಹಾಕಿತು. 2012ರಲ್ಲಿ ಪ್ರಣಬ್ ಮುಖರ್ಜಿಗೆ ಅದೇ ಶಿವಸೇನೆಯ ಜೊತೆ ಜೆಡಿಯು ಕೂಡ ಬೆಂಬಲ ಕೊಟ್ಟಿತು. 2017ರಲ್ಲಿ ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ್ ಕೋವಿಂದ್ ಅವರ ಹೆಸರು ಬಂದದ್ದೇ ತಡ, ಆಗ ಬಿಹಾರದಲ್ಲಿ ವಿರೋಧ ಪಕ್ಷಗಳ ಮೈತ್ರಿಯಲ್ಲಿದ್ದ ಜೆಡಿಯು ಅವರ ಕಡೆ ಬಂತು. 2022ರಲ್ಲಿ ಒಡಿಶಾದ ಸಂತಾಲ ಸಮುದಾಯದ ಮುರ್ಮು ಎದುರು ಬಿಜೆಡಿಗೂ, ಕಾಂಗ್ರೆಸ್ ಜೊತೆ ಜಾರ್ಖಂಡದಲ್ಲಿ ಸರ್ಕಾರ ನಡೆಸುತ್ತಿದ್ದ ಜೆಎಂಎಂಗೂ ಬೇರೆ ದಾರಿ ಉಳಿಯಲಿಲ್ಲ. ನಮ್ಮ ಜೆಡಿಎಸ್ ಕೂಡ ಅವರನ್ನೇ ಬೆಂಬಲಿಸಿತು.

ಸೋಲು ಮೊದಲೇ ಕಾಣುವ ಪಾಳಯಕ್ಕೆ ತೊಡಕು ಬೇರೆ: ನಿಲ್ಲುವವರೇ ಸಿಗುವುದಿಲ್ಲ. 2022ರಲ್ಲಿ ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಒಬ್ಬರಾದ ಮೇಲೊಬ್ಬರು ಬೇಡವೆಂದ ಮೇಲೆ ಯಶವಂತ ಸಿನ್ಹಾ ಅವರ ಹೆಸರು ಬಂತು. ಒಪ್ಪಿಗೆ ಕೇಳುವ ಮೊದಲೇ ಹೆಸರು ಹೊರಬಿಡುವುದು ವಿರೋಧ ಪಕ್ಷಗಳು ಮಾಡಿಕೊಳ್ಳುವ ಸ್ವಯಂಕೃತ ತಪ್ಪು. ಮೂರು ಸಲ 'ಒಲ್ಲೆ' ಕೇಳಿಸಿಕೊಂಡು ಬಂದ ಅಭ್ಯರ್ಥಿಯ ಪರ ಸಣ್ಣ ಪಕ್ಷವೊಂದನ್ನು ಒಲಿಸುವುದು ಇನ್ನೂ ಕಷ್ಟ.

ಕಾಗದಪತ್ರದ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ, ಆದರೆ ಬಹುತೇಕ ನಾಮಪತ್ರಗಳು ಬೀಳುವುದು ಇಲ್ಲಿಯೇ. ನಾಮಪತ್ರಕ್ಕೆ ಕನಿಷ್ಠ 50 ಸೂಚಕರು, 50 ಅನುಮೋದಕರು ಸಹಿ ಮಾಡಬೇಕು. ಎಲ್ಲರೂ ಮತದಾನದ ಹಕ್ಕುಳ್ಳ ಚುನಾಯಿತ ಸಂಸದರು ಅಥವಾ ಶಾಸಕರಾಗಿರಬೇಕು. ಒಬ್ಬರು ಒಂದೇ ನಾಮಪತ್ರಕ್ಕೆ, ಒಂದೇ ಜಾಗದಲ್ಲಿ ಸಹಿ ಮಾಡಬೇಕು. ಎರಡನೆಯ ಕಡೆ ಮಾಡಿದರೆ ಮೊದಲು ಸಲ್ಲಿಕೆಯಾದ ನಾಮಪತ್ರದಲ್ಲಿನ ಸಹಿ ಮಾತ್ರ ಊರ್ಜಿತ. ಒಬ್ಬ ಅಭ್ಯರ್ಥಿಯ ಪರ ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ದೊಡ್ಡ ಪಕ್ಷಗಳು ನಾಲ್ಕನ್ನೂ ಸಲ್ಲಿಸುತ್ತವೆ. ನಾಲ್ಕಕ್ಕೆ 400 ಬೇರೆ ಬೇರೆ ಸಹಿ. ಒಂದರಲ್ಲಿ ದೋಷ ಸಿಕ್ಕರೂ ಇನ್ನೊಂದು ಉಳಿಯಲಿ ಎಂಬುದು ಒಂದು ಉದ್ದೇಶ. ಮಿತ್ರಪಕ್ಷಗಳ ನಾಯಕರ ಸಹಿ ಎಲ್ಲರಿಗೂ ಕಾಣುವಂತೆ ಮೊದಲ ಪುಟದಲ್ಲೇ ಇರಲಿ ಎಂಬುದು ಇನ್ನೊಂದು. ಸಹಿ ಹಾಕಿದ ಮೇಲೆ ಹೊರಳುವುದು ಯಾವ ಪಕ್ಷಕ್ಕೂ ಮುಜುಗರ.

ಸಹಿ ಸಂಗ್ರಹಿಸುವಾಗ ಆಗುವ ಎಡವಟ್ಟು ಒಂದೇ ತೆರನಾದದ್ದು: ಶಾಸಕರೊಬ್ಬರು ಬೆಳಿಗ್ಗೆ ಒಂದು ಹಾಳೆಗೆ, ಸಂಜೆ ಇನ್ನೊಂದಕ್ಕೆ ಸಹಿ ಮಾಡಿರುತ್ತಾರೆ. ಐವತ್ತಕ್ಕೆ ಸರಿಯಾಗಿ ನಿಲ್ಲಿಸಿದ್ದರೆ ಎರಡನೆಯ ನಾಮಪತ್ರ ಅಲ್ಲಿಗೇ ಮುಗಿಯಿತು. ಆದ್ದರಿಂದ ಪ್ರತಿ ಪಟ್ಟಿಗೂ ಹತ್ತು ಸಹಿ ಹೆಚ್ಚುವರಿ ಇರಲಿ, ಯಾರ ಸಹಿ ಯಾವ ಸೆಟ್‌ನಲ್ಲಿದೆ ಎಂದು ಒಬ್ಬನೇ ವ್ಯಕ್ತಿ ರಿಜಿಸ್ಟರ್ ಇಡಲಿ. ಅದರ ಜೊತೆಗೆ ಅಭ್ಯರ್ಥಿಯ ಹೆಸರಿರುವ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯ ದೃಢೀಕೃತ ನಕಲು ಇರಲೇಬೇಕು. ಜೆರಾಕ್ಸ್ ನಡೆಯುವುದಿಲ್ಲ. ಠೇವಣಿ 15,000 ರೂಪಾಯಿ. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ದೆಹಲಿಯಲ್ಲಿ ಚುನಾವಣಾಧಿಕಾರಿಗೆ ಅಭ್ಯರ್ಥಿ ಅಥವಾ ಸೂಚಕ, ಅನುಮೋದಕರಲ್ಲೊಬ್ಬರು ಖುದ್ದಾಗಿ ಕೊಡಬೇಕು. ಅಂಚೆಯಲ್ಲಿ ಕಳಿಸುವಂತಿಲ್ಲ. ಲೋಕಸಭೆ, ರಾಜ್ಯಸಭೆಗಳ ಮಹಾಕಾರ್ಯದರ್ಶಿಗಳು ಸರದಿಯಂತೆ ಚುನಾವಣಾಧಿಕಾರಿಯಾಗುತ್ತಾರೆ.

ಅಭ್ಯರ್ಥಿ ವಹಿಸಿಕೊಂಡಿರುವ ಹುದ್ದೆಗಳ ಪಟ್ಟಿಯನ್ನೂ ತಿಂಗಳ ಮುಂಚೆಯೇ ಜರಡಿ ಹಿಡಿಯಬೇಕು. 58ನೇ ವಿಧಿ ಸರ್ಕಾರದ ಅಡಿಯ ಲಾಭದಾಯಕ ಹುದ್ದೆಯಲ್ಲಿರುವವರನ್ನು ತಡೆಯುತ್ತದೆ. ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಪಾಲ, ಸಚಿವ ಹುದ್ದೆಗಳಿಗೆ ವಿನಾಯಿತಿ ಇದೆ. ತೊಂದರೆ ಬರುವುದು ಯಾರಿಗೂ ನೆನಪಿಲ್ಲದ ಗೌರವ ಹುದ್ದೆಗಳಿಂದ. 2012ರಲ್ಲಿ ಪ್ರಣಬ್ ಮುಖರ್ಜಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಧ್ಯಕ್ಷರಾಗಿದ್ದದ್ದನ್ನು ಎತ್ತಿಕೊಂಡು ಎದುರಾಳಿ ಪಿ.ಎ. ಸಂಗ್ಮಾ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಅರ್ಜಿ ವಜಾ ಆಯಿತು, ಆದರೆ ತಲೆನೋವು ತಪ್ಪಲಿಲ್ಲ. ಟ್ರಸ್ಟ್, ಸಂಸ್ಥೆ, ಮಂಡಳಿ ಯಾವುದೇ ಇರಲಿ, ರಾಜೀನಾಮೆ ಕೊಟ್ಟರೆ ಸಾಲದು. ಅದು ಅಂಗೀಕಾರವಾದ ಪತ್ರ ನಾಮಪತ್ರಕ್ಕೆ ಮೊದಲೇ ಕೈಯಲ್ಲಿರಬೇಕು.

ವಿಪ್ ವಿಚಾರ. ನೀವು ಕೇಳಿದ್ದು ಸರಿ, ಪಕ್ಷಗಳು ವಿಪ್ ಕೊಡುವಂತಿಲ್ಲ. ಬೇರೆ ಅಭ್ಯರ್ಥಿಗೆ ಮತ ಹಾಕಿದರೆ ಪಕ್ಷಾಂತರ ನಿಷೇಧ ಕಾಯ್ದೆಯ ಅಡಿ ಸದಸ್ಯತ್ವ ಹೋಗುವುದಿಲ್ಲ. ಮತದಾನಕ್ಕೆ ಬಾರದೆ ಇರುವುದಕ್ಕೂ ಸ್ವಾತಂತ್ರ್ಯವಿದೆ. ರಾಜ್ಯಸಭಾ ಚುನಾವಣೆಯಲ್ಲಿ ಶಾಸಕ ತನ್ನ ಮತಪತ್ರವನ್ನು ಪಕ್ಷದ ಏಜೆಂಟನಿಗೆ ತೋರಿಸಿ ಹಾಕಬೇಕಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ತೋರಿಸಿದರೆ ಮತವೇ ರದ್ದು. ರಾಜ್ಯಸಭಾ ಮತದಾನದ ಅಭ್ಯಾಸವಿರುವ ಶಾಸಕರಿಗೆ ಇದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ. ಆದರೂ ಗುಟ್ಟು ಪೂರ್ತಿ ಗುಟ್ಟಾಗಿ ಉಳಿಯುವುದಿಲ್ಲ. ಎಣಿಕೆ ರಾಜ್ಯವಾರು ನಡೆದು ಅಂಕಿ ಹೊರಬರುವುದರಿಂದ ಯಾರು ಹೊರಳಿದರೆಂದು ತಿಳಿಯದಿದ್ದರೂ ಯಾವ ರಾಜ್ಯದಲ್ಲಿ ಎಷ್ಟು ಹೊರಳಿದವು ಎಂದು ತಿಳಿಯುತ್ತದೆ. 2022ರಲ್ಲಿ ಬಿಜೆಪಿಯ ಒಬ್ಬ ಶಾಸಕರೂ ಇರದ ಕೇರಳದಲ್ಲಿ ಮುರ್ಮು ಅವರಿಗೆ ಒಂದು ಮತ ಬಿದ್ದದ್ದು ಗೊತ್ತಾಗಿದ್ದು ಹೀಗೆ. ಹಾಕಿದವರು ಯಾರು ಎಂಬುದು ಮಾತ್ರ ಅಂಕಿಯಲ್ಲಿ ಕಾಣಲಿಲ್ಲ.

ಪಕ್ಷದ ಹಿಡಿತವಿಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ 1969ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಅದರ ಕಿಡಿ ಹೊತ್ತಿದ್ದೂ ನಮ್ಮ ಬೆಂಗಳೂರಿನಲ್ಲೇ. ರಾಷ್ಟ್ರಪತಿಯಾಗಿದ್ದ ಜಾಕಿರ್ ಹುಸೇನ್ ಮೇ 3ರಂದು ತೀರಿಕೊಂಡಿದ್ದರು. ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ ನಡೆದಾಗ ಕಾಂಗ್ರೆಸ್ ಸಂಸದೀಯ ಮಂಡಳಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ, ಆಗ ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಜನಸಂಘ, ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖ್ ಅವರನ್ನು ನಿಲ್ಲಿಸಿದವು. ಈ ಚುನಾವಣೆಯಲ್ಲಿ ಮತದಾರ ಅಭ್ಯರ್ಥಿಗಳ ಎದುರು 1, 2, 3 ಎಂದು ತನ್ನ ಪ್ರಾಶಸ್ತ್ಯದ ಕ್ರಮ ಬರೆಯುತ್ತಾನೆ. ಆ ಪಕ್ಷಗಳ ಎರಡನೆಯ ಪ್ರಾಶಸ್ತ್ಯದ ಮತ ರೆಡ್ಡಿಯವರಿಗೆ ಸಿಗಲಿ ಎಂದು ನಿಜಲಿಂಗಪ್ಪ ಮಾತುಕತೆ ನಡೆಸಿದರು. ಲೆಕ್ಕದ ಮಟ್ಟಿಗೆ ಸರಿಯಾದ ಹೆಜ್ಜೆ. ಆದರೆ ಅದೇ ಇಂದಿರಾ ಬಣಕ್ಕೆ ಅಸ್ತ್ರವಾಯಿತು: ಬಲಪಂಥದವರ ಜೊತೆ ಕೈಜೋಡಿಸಿದ್ದಾರೆ, ಆದ್ದರಿಂದ ಆತ್ಮಸಾಕ್ಷಿಯಂತೆ ಮತ ಹಾಕಿ ಎಂಬ ಕರೆ ಹೊರಟಿತು.

ಎಣಿಕೆ ನೋಡಿ. ಮೊದಲ ಸುತ್ತಿನಲ್ಲಿ ಗಿರಿ 4,01,515; ರೆಡ್ಡಿ 3,13,548; ದೇಶಮುಖ್ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಯಾರೂ ಮುಟ್ಟಲಿಲ್ಲ. ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯ ಹಂಚುತ್ತ ಬಂದಾಗ ರೆಡ್ಡಿಯವರಿಗೆ 91,879 ಸೇರಿತು, ಗಿರಿಯವರಿಗೆ 18,562 ಮಾತ್ರ. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಬೇಕಾದದ್ದಕ್ಕಿಂತ ಗಿರಿಯವರಿಗೆ ಬಂದದ್ದು 1,908 ಮಾತ್ರ ಹೆಚ್ಚು. ನಿಜಲಿಂಗಪ್ಪನವರ ಎರಡನೆಯ ಪ್ರಾಶಸ್ತ್ಯದ ಲೆಕ್ಕ ಬಹುಮಟ್ಟಿಗೆ ಫಲಿಸಿತ್ತು, ಕೈಕೊಟ್ಟದ್ದು ಸ್ವಂತ ಪಕ್ಷದ ಮೊದಲ ಪ್ರಾಶಸ್ತ್ಯ. ಮೂವರು ಬಲಿಷ್ಠರಿದ್ದಾಗ 'ಒಂದು ಮಾತ್ರ ಬರೆಯಿರಿ' ಎನ್ನುವ ಪಕ್ಷ ತನ್ನ ಮತವನ್ನು ಅರ್ಧ ದಾರಿಯಲ್ಲಿ ಬಿಟ್ಟಂತೆ. ಇಬ್ಬರೇ ಇದ್ದರೆ ಒಂದು ಸಾಕು, ಎರಡು ಬರೆಯದಿದ್ದರೂ ಮತ ಸಿಂಧು.

ಇನ್ನು ಮತದಾನದ ದಿನ. ಇದಕ್ಕೆ ಪಕ್ಷಗಳು ಹಿಂದಿನ ದಿನ ಶಾಸಕರನ್ನು ಕೂರಿಸಿಕೊಂಡು ಅಣಕು ಮತದಾನ ಮಾಡಿಸುತ್ತವೆ. ನಗುವ ವಿಷಯವಲ್ಲ: 2017ರಲ್ಲಿ 77 ಮತಗಳು ಅಸಿಂಧುವಾದವು, ಅದರಲ್ಲಿ 21 ಸಂಸದರವು. 2022ರಲ್ಲಿ 53, ಅದರಲ್ಲಿ 15 ಸಂಸದರವು. ಸಂಸದರೊಬ್ಬರ ಕೈತಪ್ಪಿನಿಂದ 700 ಹೋದರೆ ಅದು ಕರ್ನಾಟಕದ ಐವರು ಶಾಸಕರನ್ನು ಕಳೆದುಕೊಂಡದ್ದಕ್ಕಿಂತ ಹೆಚ್ಚು.

ಮತಪತ್ರ ಸಂಸದರಿಗೆ ಹಸಿರು, ಶಾಸಕರಿಗೆ ಗುಲಾಬಿ. ಪಕ್ಷದ ಹೆಸರಿಲ್ಲ, ಚಿಹ್ನೆಯಿಲ್ಲ. ಎರಡು ಕಾಲಂ: ಒಂದರಲ್ಲಿ ಅಭ್ಯರ್ಥಿಯ ಹೆಸರು, ಎದುರಿಗೆ ಪ್ರಾಶಸ್ತ್ಯ ಬರೆಯಲು ಖಾಲಿ ಜಾಗ. ಬರೆಯಬೇಕಾದದ್ದು ಮತಗಟ್ಟೆಯಲ್ಲಿ ಕೊಡುವ ನೇರಳೆ ಶಾಯಿಯ ಪೆನ್ನಿನಿಂದ. ಸ್ವಂತ ಪೆನ್ನು ಬಳಸಿದರೆ ಎಣಿಕೆಯಲ್ಲಿ ಆ ಮತ ಕಸದ ಬುಟ್ಟಿಗೆ. ಅಂಕಿಯನ್ನು 1 ಎಂದು ಬರೆಯಬಹುದು, ರೋಮನ್ ಅಂಕಿಯಲ್ಲಿ ಬರೆಯಬಹುದು, ಭಾರತೀಯ ಭಾಷೆಯ ಅಂಕಿಯಲ್ಲೂ ಬರೆಯಬಹುದು. ಅಂದರೆ ನಮ್ಮ ಶಾಸಕರು ಕನ್ನಡದ '೧' ಬರೆದರೆ ನಡೆಯುತ್ತದೆ. 'ಒಂದು' ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ಟಿಕ್ ಹಾಕಿದರೂ, ಗುಣಿಸು ಗುರುತು ಹಾಕಿದರೂ ಅಸಿಂಧು. ಇಬ್ಬರ ಎದುರು 1 ಬರೆದರೂ, ಒಬ್ಬರ ಎದುರೇ 1 ಮತ್ತು 2 ಎರಡನ್ನೂ ಬರೆದರೂ, ಅಂಕಿ ಇಬ್ಬರ ಸಾಲಿನ ನಡುವಿನ ಗೆರೆಯ ಮೇಲೆ ಕೂತು ಯಾರಿಗೆಂದು ತಿಳಿಯದಿದ್ದರೂ ಅಷ್ಟೇ. ಅಭ್ಯಾಸಬಲದಿಂದ ಕೆಳಗೊಂದು ಸಹಿ ಜಡಿದರಂತೂ ಮತದಾರನ ಗುರುತು ಸಿಕ್ಕಿತೆಂದು ರದ್ದಾಗುತ್ತದೆ. ದಿನವಿಡೀ ಸಹಿ ಹಾಕುವ ಕೈಗಳಿಗೆ ಈ ಕೊನೆಯದನ್ನು ನೆನಪಿಸುವುದು ಮುಖ್ಯ. ತಪ್ಪಾಗಿ ಬರೆದರೆ ಮತಪತ್ರವನ್ನು ಮತಗಟ್ಟೆ ಅಧಿಕಾರಿಗೆ ಮರಳಿಸಿ ಬೇರೆ ಕೇಳಬೇಕು, ಹರಿಯಬಾರದು. 2012ರಲ್ಲಿ ಮುಲಾಯಂ ಸಿಂಗ್ ಯಾದವ್ ಮೊದಲನೆಯದನ್ನು ಹರಿದು ಎರಡನೆಯದರಲ್ಲಿ ಹಾಕಿದ ಮತವನ್ನು ಆಯೋಗ ಅಸಿಂಧುಗೊಳಿಸಿತು.

ಮತದಾನ ಸಂಸತ್ ಭವನದಲ್ಲಿ ಮತ್ತು ರಾಜ್ಯಗಳ ವಿಧಾನಸಭಾ ಕಟ್ಟಡಗಳಲ್ಲಿ, ನಮ್ಮಲ್ಲಿ ವಿಧಾನಸೌಧದಲ್ಲಿ ನಡೆಯುತ್ತದೆ. ಅಂದು ಬೇರೆ ಊರಿನಲ್ಲಿರುವವರು ಹತ್ತು ದಿನ ಮುಂಚೆ ತಿಳಿಸಿ ಅನುಮತಿ ಪಡೆದರೆ ಬೇರೆ ಮತಗಟ್ಟೆಯಲ್ಲಿ ಹಾಕಬಹುದು. ಪಕ್ಷದ ಕಚೇರಿ ಈ ಗಡುವು ಮರೆತರೆ ಆ ಮತ ಹೋದಂತೆಯೇ. ಮತಪೆಟ್ಟಿಗೆಗಳು ಅಧಿಕಾರಿಗಳ ಕಾವಲಿನಲ್ಲಿ ವಿಮಾನದಲ್ಲಿ ದೆಹಲಿಗೆ ಹೋಗುತ್ತವೆ. 2022ರಲ್ಲಿ ಪೆಟ್ಟಿಗೆಗೇ ಪ್ರತ್ಯೇಕ ಟಿಕೆಟ್ ತೆಗೆದು ಪಕ್ಕದ ಸೀಟಿನಲ್ಲಿ ಕೂರಿಸಿದ್ದರು, ಟಿಕೆಟ್‌ನಲ್ಲಿ ಹೆಸರು 'ಮಿಸ್ಟರ್ ಬ್ಯಾಲಟ್ ಬಾಕ್ಸ್'.

ಗೆಲ್ಲಲು ಬೇಕಾದ ಸಂಖ್ಯೆ ಒಟ್ಟು ಮತಮೌಲ್ಯದ ಅರ್ಧವಲ್ಲ, ಸಿಂಧು ಮತಗಳ ಮೌಲ್ಯದ ಅರ್ಧಕ್ಕೆ ಒಂದು ಸೇರಿಸಿದ್ದು. 2022ರಲ್ಲಿ ಸಿಂಧು ಮತಗಳ ಮೌಲ್ಯ 10,56,980, ಬೇಕಿದ್ದದ್ದು 5,28,491. ಮುರ್ಮು ಅವರಿಗೆ 6,76,803, ಸಿನ್ಹಾ ಅವರಿಗೆ 3,80,177 ಬಂತು. ಗೈರುಹಾಜರಿಯೂ ಅಸಿಂಧುವೂ ಈ ಗಡಿಯನ್ನು ಕೆಳಗಿಳಿಸುತ್ತವೆ. ಮುನಿಸಿಕೊಂಡ ಮಿತ್ರಪಕ್ಷವನ್ನು ಒಲಿಸಲಾಗದಿದ್ದರೆ ಕನಿಷ್ಠ ಮತದಾನಕ್ಕೆ ಬಾರದಂತೆ ನೋಡಿಕೊಳ್ಳಿ ಎಂಬ ತಂತ್ರಕ್ಕೆ ಬೇರು ಇಲ್ಲಿದೆ.

ಕೊನೆಗೆ ನಿಮ್ಮ ನಾಮಪತ್ರ. ಭಾರತದ ಪ್ರಜೆಯಾಗಿ 35 ತುಂಬಿದ್ದರೆ, ಲೋಕಸಭೆಗೆ ನಿಲ್ಲುವ ಅರ್ಹತೆಯಿದ್ದರೆ, ಲಾಭದಾಯಕ ಹುದ್ದೆಯಲ್ಲಿ ಇಲ್ಲದಿದ್ದರೆ ಧಾರಾಳವಾಗಿ ಹಾಕಬಹುದು. ಮೊದಲು ಸೂಚಕರ ಕಟ್ಟುಪಾಡೇ ಇಷ್ಟು ಬಿಗಿ ಇರಲಿಲ್ಲ. 1967ರಲ್ಲಿ 17 ಮಂದಿ ಕಣದಲ್ಲಿದ್ದರು, ಅವರಲ್ಲಿ ಒಂಬತ್ತು ಮಂದಿಗೆ ಒಂದು ಮತವೂ ಬೀಳಲಿಲ್ಲ. 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಮಾಡಿದರು. 1977ರಲ್ಲಿ 37 ನಾಮಪತ್ರಗಳಲ್ಲಿ 36 ತಿರಸ್ಕೃತವಾಗಿ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾದರು. 1997ರಲ್ಲಿ ಅದನ್ನು ಈಗಿನ ಐವತ್ತು, ಐವತ್ತು, 15,000ಕ್ಕೆ ಏರಿಸಲಾಯಿತು. ಗೆಲ್ಲಲು ಬೇಕಾದ ಮತದ ಆರನೆಯ ಒಂದು ಭಾಗವನ್ನು ದಾಟದಿದ್ದರೆ ಠೇವಣಿ ಮುಟ್ಟುಗೋಲು. 2022ರ ಲೆಕ್ಕದಲ್ಲಿ ಅದು ಸುಮಾರು 88,000. ನಿಮಗೆ ನಿಜವಾದ ಅಡ್ಡಿ ಆ ಹಣವಲ್ಲ, ನೂರು ಸಹಿ. ಸಂಸದರು, ಶಾಸಕರಲ್ಲಿ ನೂರು ಜನರನ್ನು ಒಪ್ಪಿಸದೆ ಸಲ್ಲಿಸಿದ ನಾಮಪತ್ರ ಪರಿಶೀಲನೆಯ ದಿನ ಬಿದ್ದುಹೋಗುತ್ತದೆ. ಫಲಿತಾಂಶ ಪ್ರಶ್ನಿಸಬೇಕೆಂದರೂ ಸಾಮಾನ್ಯ ಮತದಾರನಿಗೆ ದಾರಿಯಿಲ್ಲ. ಕಣದಲ್ಲಿದ್ದ ಅಭ್ಯರ್ಥಿ ಅಥವಾ ಮತದಾನದ ಹಕ್ಕುಳ್ಳ ಕನಿಷ್ಠ ಇಪ್ಪತ್ತು ಸಂಸದರು, ಶಾಸಕರು ಸೇರಿ, ಫಲಿತಾಂಶ ಪ್ರಕಟವಾದ ಮೂವತ್ತು ದಿನಗಳೊಳಗೆ ನೇರವಾಗಿ ಸುಪ್ರೀಂ ಕೋರ್ಟ್‌ಗೇ ಅರ್ಜಿ ಹಾಕಬೇಕು.